ಕಾಡಿಗೆ ಸಲ್ಲಬೇಕಾದ ಕಂಬ

ಕಲಾಕೃತಿಯೆಂದರೆ ಕಾಲವನ್ನು ಗೆದ್ದು ನಿಲ್ಲಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಮಟ್ಟಿಗೆ ಬೇರೂರಿದೆ. ಈ ನಂಬಿಕೆಯನ್ನು ಪ್ರಶ್ನಿಸುವ ಒಂದು ಚರಿತ್ರೆಯನ್ನು ನಾನು ಇಲ್ಲಿ ನೆನೆಯಬಯಸುತ್ತೇನೆ.

ಕೆನಡಾದ ಪಶ್ಚಿಮ ಕರಾವಳಿ ಮಳೆ ಧಾರಾಳವಾಗಿ ಸುರಿಯುವ ದಟ್ಟವಾದ ಅಡವಿ. ಅಲ್ಲಿಯ ಮೂಲನಿವಾಸಿಗಳು ಸೀಡರ್ ಮರದಿಂದ ಮನೆ, ದೋಣಿಗಳನ್ನು ಮಾಡಿಕೊಂಡರು. ಅದರ ತೊಗಟೆಯ ನಾರಿನಿಂದ ಉಡುಪು ಹೆಣೆದರು. ಕುಲದ ಕಥೆ ಹೇಳುವ ಎತ್ತರದ ಕಂಬಗಳನ್ನೂ ಅದರಲ್ಲೇ ಕಡೆದರು. ಆ ಅಡವಿಯಲ್ಲಿ ಬಿದ್ದ ಮರದ ಮೈಮೇಲೆಯೇ ಹೊಸ ಸಸಿಗಳು ಬೇರುಬಿಡುತ್ತವೆ. ಕಂಬವೂ ಹಾವಸೆ ಹಿಡಿದು, ಬುಡ ಕೊಳೆತು, ಒರಗಿಬಿದ್ದು ಮಣ್ಣಾಗುವುದು. ನಮ್ಮ ಭಾಷೆಯಲ್ಲಿ ‘ಜೀರ್ಣ’ವೆಂದರೆ ಶಿಥಿಲವಾದದ್ದು, ಅರಗಿ ಮೈಗೂಡಿದ್ದೂ ಹೌದು. ಈ ಎರಡನೆಯ ಅರ್ಥದಲ್ಲಿ ಕಾಡು ತಾನು ಕೊಟ್ಟದ್ದನ್ನು ಜೀರ್ಣಿಸಿಕೊಳ್ಳುತ್ತಿತ್ತು.

ಹೈಸ್ಲಾ ಜನಾಂಗದ ಮುಖಂಡ ಗಪ್ಸ್‌ಗೋಲಕ್ಸ್ ರೋಗಕ್ಕೆ ತನ್ನವರನ್ನು ಕಳೆದುಕೊಂಡ. ಒಂದು ದಿವ್ಯಶಕ್ತಿ ಆತನಿಗೆ ಕಾಣಿಸಿಕೊಂಡು, ಸತ್ತವರನ್ನು ಮತ್ತೆ ತೋರಿಸಿತೆಂದು ಐತಿಹ್ಯ. ಅದರ ನೆನಪಿಗಾಗಿ 1872ರಲ್ಲಿ ಕಿಟ್ಲೋಪ್ ಕಣಿವೆಯಲ್ಲಿ ಸುಮಾರು 9 ಮೀಟರ್ ಎತ್ತರದ ಕಂಬವೊಂದು ಎದ್ದಿತು. 1929ರಲ್ಲಿ ಅದನ್ನು ಕಡಿದು ಸ್ವೀಡನ್ನಿಗೆ ಸಾಗಿಸಲಾಯಿತು.

ಕೊಳೆತುಹೋಗಲಿದ್ದುದನ್ನು ವಸ್ತುಸಂಗ್ರಹಾಲಯವೇ ಉಳಿಸಿತಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಂಬ ನಿಲ್ಲಿಸುವಾಗ ಬಂದವರಿಗೆಲ್ಲ ಉಡುಗೊರೆ ಹಂಚುವ ‘ಪಾಟ್‌ಲ್ಯಾಚ್’ ಉತ್ಸವವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತೆಂಬುದನ್ನು ಮರೆಯಲಾಗದು. ಹೊಸ ಕಂಬ ಏಳುವ ದಾರಿಗೆ ಹೀಗೆ ಅಡ್ಡಿ ಒಡ್ಡಿದ ಮೇಲೆ ಹಳೆಯದರ ಅಳಿವು ಕೇವಲ ನಾಶವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

1991ರಲ್ಲಿ ಹೈಸ್ಲಾ ಜನರು ಸ್ಟಾಕ್‌ಹೋಮಿಗೆ ಹೋಗಿ ತಮ್ಮ ಕಂಬವನ್ನು ಕೇಳಿದರು. ತೇವ, ಉಷ್ಣತೆಗಳನ್ನು ಹತೋಟಿಯಲ್ಲಿಡುವ ಕಟ್ಟಡದಲ್ಲಿ ಅದನ್ನು ಕಾಪಾಡಬೇಕೆಂದು ಸಂಗ್ರಹಾಲಯದವರು ಬಯಸಿದರು. ಅದು ಮಣ್ಣಿಗೆ ಸೇರಬೇಕಾದದ್ದೆಂಬುದು ಹಿರಿಯರ ಮಾತು. 2000ದಲ್ಲಿ ಹೈಸ್ಲಾ ಶಿಲ್ಪಿಗಳು ಎರಡು ಪ್ರತಿಕೃತಿಗಳನ್ನು ಕಡೆದರು. ಒಂದು ಮೂಲ ಸ್ಥಳದಲ್ಲಿ ನಿಂತಿತು, ಇನ್ನೊಂದು ಸ್ವೀಡನ್ನಿಗಾಯಿತು. 2006ರಲ್ಲಿ ಹಳೆಯ ಕಂಬ ಊರಿಗೆ ಮರಳಿತು.

ಹಳೆಯದನ್ನು ಮರಳಿ ಪಡೆಯಲು ಹೊಸದನ್ನು ಕಡೆಯಬೇಕಾಯಿತೆಂಬುದು ಈ ವೃತ್ತಾಂತದಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ. ಕಾಡಿನಲ್ಲಿ ಕಂಬ ಕೊಳೆಯುತ್ತಿದ್ದಾಗಲೂ ಆಗುತ್ತಿದ್ದುದು ಇದೇ: ಮುಂದಿನವರು ಉಳಿ ಹಿಡಿಯಬೇಕಾಗುತ್ತಿತ್ತು. ಮರ ಮಣ್ಣಾದರೆ ಮತ್ತೊಂದು ಮರ ಬೆಳೆದೀತು. ಕಡೆಯುವ ಕೈಯನ್ನು ಕಟ್ಟಿಹಾಕಿದರೆ ಯಾವ ಸಂಗ್ರಹಾಲಯವೂ ಅದನ್ನು ತುಂಬಿಕೊಡಲಾರದು.