ಓಲಗದಿಂದ ವಾಲಗಕ್ಕೆ

ಅರಸೀಕೆರೆ ಕಡೆಯ ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಮೊದಲು ಹತ್ತು ಸಲ ಕಿವಿಗೆ ಬೀಳುವ ಮಾತು, ‘ವಾಲಗದೋರು ಬಂದ್ರಾ?’ ಅವರು ಬಂದು ಡೋಲಿನ ಬಿಗಿ ನೋಡುವ ತನಕ ಹೆಣ್ಣಿನ ತಂದೆಗೆ ಕೈಕಾಲು ಆಡುವುದಿಲ್ಲ. ಈ ‘ವಾಲಗ’ ಹಳಗನ್ನಡದ ‘ಓಲಗ’. ಓಲೆ ವಾಲೆಯಾದಂತೆ, ಓರೆ ವಾರೆಯಾದಂತೆ ಇದೂ ಬಾಯಿಂದ ಬಾಯಿಗೆ ಹೊರಳಿದೆ.

ಓಲಗವೆಂದರೆ ಮೊದಲಿಗೆ ಸೇವೆ; ಸೇವೆಗೆಂದು ಸಾಮಂತರು, ಮಂತ್ರಿಗಳು ನೆರೆಯುವ ರಾಜಸಭೆ. ‘ಓಲಗಿಸು’ ಎಂದರೆ ಸೇವೆ ಮಾಡು. ತಮಿಳಿನ ‘ಓಲಕ್ಕಂ’, ತೆಲುಗಿನ ‘ಓಲಗಮು’ ಇದೇ ಬಳಗದವು. ಯಕ್ಷಗಾನದ ‘ಒಡ್ಡೋಲಗ’ದಲ್ಲಿ ಆ ಹಳೆಯ ಅರ್ಥ ಇನ್ನೂ ಕಾಲೂರಿ ನಿಂತಿದೆ. ಕಣ್ಣಾರೆ ಕಾಣಬೇಕೆಂದರೆ ಬೇಲೂರಿಗೆ ಹೋಗಿ. 1117ರ ಚೆನ್ನಕೇಶವ ಗುಡಿಯ ಮೂಡಣ ಬಾಗಿಲ ಪಕ್ಕದ ಜಾಲಂಧ್ರದಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನದೆಂದು ಗುರುತಿಸುವ ದರ್ಬಾರಿದೆ: ಅರಸ, ಅರಸಿ, ಸುತ್ತ ಪರಿವಾರ. ಅದು ಓಲಗ. ಅಲ್ಲೇ ತಲೆಯೆತ್ತಿ ಮದನಿಕೆಯರನ್ನು ನೋಡಿ. ಕುಣಿಯುವವಳ ಕಾಲ ಬಳಿ ಮೊಣಕಾಲೆತ್ತರದ ಮದ್ದಳೆಯವನು ನುಡಿಸುತ್ತಿರುತ್ತಾನೆ. ಅದು ವಾಲಗ. ಕಲ್ಲಿನಲ್ಲಿ ಎರಡಕ್ಕೂ ನಡುವೆ ಕೆಲವೇ ಮೊಳ; ಪದಕ್ಕೆ ಅಷ್ಟು ದೂರ ನಡೆಯಲು ಶತಮಾನಗಳು ಹಿಡಿದವು.

ದೊರೆ ಬರುವಾಗ, ದೇವರು ಹೊರಡುವಾಗ ವಾದ್ಯ ಮೊಳಗಬೇಕು. ಅದೂ ಓಲಗದ ಸೇವೆಯೇ. ಹೊಯ್ಸಳರ ರಾಜಧಾನಿ ದೋರಸಮುದ್ರದ ಸಿಂಹಾಸನ ಹೋಗಿ ಊರು ಹಳೇಬೀಡಾಯಿತು. ಸಭೆ ಕರಗಿತು, ಗುಡಿಯಲ್ಲೂ ಚಪ್ಪರದಲ್ಲೂ ಊದುವವರ ಸೇವೆ ನಿಲ್ಲಲಿಲ್ಲ. ಪದ ಅವರ ಪಾಲಿಗೆ ಉಳಿಯಿತು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

‘ಆರ್ಕೆಸ್ಟ್ರಾ’ ಪದದ ಹಣೆಬರಹವೂ ಹೀಗೆಯೇ. ಗ್ರೀಕರಲ್ಲಿ ಅದು ರಂಗಮಂದಿರದೊಳಗೆ ಮೇಳದವರು ಕುಣಿಯುವ ಜಾಗ. ಜಾಗದ ಹೆಸರು ಕಡೆಗೆ ನುಡಿಸುವವರಿಗೆ ಬಂತು. 1937ರ ಜುಲೈನಲ್ಲಿ ಅಮೆರಿಕದ ‘ಬೆನ್ನಿ ಗುಡ್‌ಮನ್ ಮತ್ತು ಅವರ ಆರ್ಕೆಸ್ಟ್ರಾ’ ‘ಸಿಂಗ್, ಸಿಂಗ್, ಸಿಂಗ್’ ಎಂಬ ಸ್ವಿಂಗ್ ಜಾಜ್ ಧ್ವನಿಮುದ್ರಿಸಿತು. ಹನ್ನೆರಡಿಂಚಿನ ತಟ್ಟೆಯ ಎರಡೂ ಮಗ್ಗುಲು ಅದಕ್ಕೇ ಬೇಕಾಯಿತು. ಜೀನ್ ಕ್ರೂಪಾನ ಡ್ರಮ್ಮು ಬಿಡದೆ ಗುಡುಗುತ್ತಿದ್ದರೆ ಅದರ ಬೆನ್ನೇರಿ ಗುಡ್‌ಮನ್‌ನ ಕ್ಲಾರಿಯೋನೆಟ್ ಮೇಲಕ್ಕೆ ಹೋಗುತ್ತದೆ. ಡೋಲು, ನಾಗಸ್ವರ ಕೇಳಿ ಬೆಳೆದ ಕಿವಿಗೆ ಆ ಜೋಡಿ ಪರಿಚಿತವೇ. ಇನ್ನು ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು.

ಕ್ಲಾರಿಯೋನೆಟ್ ಎಂದೇ ಬರೆದಿದ್ದೇನೆ. ಇಂಗ್ಲಿಷರೂ ಒಂದು ಕಾಲಕ್ಕೆ ಹಾಗೆ ಬರೆಯುತ್ತಿದ್ದರು. ಅವರು ಬಿಟ್ಟರು, ನಮ್ಮ ಬ್ಯಾಂಡ್‌ಸೆಟ್ಟಿನವರು ಉಳಿಸಿಕೊಂಡರು. ಅವರ ಉಚ್ಚಾರವನ್ನು ದಯವಿಟ್ಟು ತಿದ್ದಬೇಡಿ. ‘ವಾಲಗ’ವಂತೂ ಯಾವ ವಾದ್ಯಕ್ಕೂ ಬಾಗಿಲು ಹಾಕಲಿಲ್ಲ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಈಗ ಮದುವೆಯಲ್ಲಿ ಸ್ಯಾಕ್ಸೊಫೋನ್ ಊದಿದರೂ ಅದು ವಾಲಗವೇ.

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ಮೂಲೆಯ ಜಮಖಾನದ ಮೇಲೆ, ನಾಲಿಗೆಯಿಂದ ಒದ್ದೆ ಮಾಡಿಕೊಂಡ ಪೀಪಿ ತುಟಿಗೇರುತ್ತದೆ. ಅಪಶಕುನದ ಒಂದು ಸೊಲ್ಲೂ ಕಿವಿಗೆ ಬೀಳದಂತೆ ಡೋಲು ಅಬ್ಬರಿಸುತ್ತದೆ. ಅಕ್ಷತೆ ಹಿಡಿದು ಇಡೀ ಛತ್ರ ಎದ್ದು ನಿಲ್ಲುತ್ತದೆ. ಆ ಎರಡು ನಿಮಿಷ, ಮಂಟಪದಾಚೆ ಕೂತಿರುವವರು ವಾಲಗದವರು ಮಾತ್ರ.