ದುರ್ಬಲ ಹಿರಿಯರಿಗೆ ಮಂಡಿ, ಸೊಂಟದ ಕೀಲು ಬದಲಾವಣೆ: ಆಪರೇಷನ್‌ಗೆ ಮುಂಚಿನ ವಾರಗಳ ಸಿದ್ಧತೆ

ಮನೆಯ ಹಿರಿಯರಿಗೆ ಮಂಡಿ ಆಪರೇಷನ್ ಎಂದು ನಿಶ್ಚಯವಾದ ಕೂಡಲೇ ಚರ್ಚೆಗೆ ಬರುವುದು ಯಾವ ಕಂಪನಿಯ ಕೀಲು, ಎಷ್ಟು ಖರ್ಚು ಎಂಬ ವಿಷಯ. ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲೇ ಮಿತಿ ಹಾಕಿದೆ. ಆದರೆ ಎಪ್ಪತ್ತೈದು ದಾಟಿ ಸೊರಗಿರುವವರ ವಿಷಯದಲ್ಲಿ ಕೀಲಿನ ಕಂಪನಿಗಿಂತ ಅವರ ದೇಹ ಯಾವ ಸ್ಥಿತಿಯಲ್ಲಿ ಆಪರೇಷನ್ ಟೇಬಲ್‌ಗೆ ಹೋಗುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಕೀಲು ಸವೆತಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ತುರ್ತಿನದಲ್ಲ, ನಾಲ್ಕರಿಂದ ಆರು ವಾರ ಸಿದ್ಧತೆಗೆ ಸಿಗುತ್ತದೆ. ಬಿದ್ದು ಸೊಂಟದ ಮೂಳೆ ಮುರಿದಾಗ ಮಾತ್ರ ಈ ಮಾತು ಅನ್ವಯಿಸದು. ಅಲ್ಲಿ ತಡ ಮಾಡಿದಷ್ಟೂ ಅಪಾಯ.

ದುರ್ಬಲರು ಎಂದು ಯಾರನ್ನು ಕರೆಯುವುದು?

ವಯಸ್ಸೊಂದನ್ನೇ ನೋಡಿ ಹೇಳಲಾಗದು. ವೈದ್ಯರು ಐದು ಲಕ್ಷಣಗಳನ್ನು ಗಮನಿಸುತ್ತಾರೆ: ಪ್ರಯತ್ನಿಸದೆಯೇ ಒಂದು ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಸದಾ ಸುಸ್ತು, ನಡಿಗೆ ನಿಧಾನವಾಗುವುದು, ಕೈಹಿಡಿತ ಸಡಿಲವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರಿದ್ದರೆ ದುರ್ಬಲತೆ ಇದೆ ಎಂದೇ ಲೆಕ್ಕ. ಮನೆಯಲ್ಲಿಯೂ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ. ಮಂಡಿನೋವಿನಿಂದಲೂ ನಡಿಗೆ ನಿಧಾನವಾಗುತ್ತದೆ ನಿಜ. ಆದರೂ ಆ ಅಂಕಿಯನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಉಪಯೋಗವುಂಟು. ದುರ್ಬಲರಲ್ಲಿ ಸೋಂಕು, ಗಾಯ ಮಾಯದಿರುವುದು, ಆಪರೇಷನ್ ನಂತರದ ಗೊಂದಲ, ಹಾಸಿಗೆ ಹಿಡಿಯುವುದು, ಇವೆಲ್ಲ ಹೆಚ್ಚು.

ಆಹಾರ, ನಿಯಮ, ಉಪವಾಸ

ಸೂರ್ಯಾಸ್ತದ ನಂತರ ಏನೂ ಸೇವಿಸದವರ, ಏಕಾಸನ ಮಾಡುವವರ ಮನೆಗಳು ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. ಕಂದಮೂಲ ಬಿಟ್ಟರೆ ಪೌಷ್ಟಿಕತೆಗೆ ದೊಡ್ಡ ನಷ್ಟವಿಲ್ಲ. ಸಮಸ್ಯೆಯಾಗುವುದು ಪ್ರೋಟೀನ್. ಹಲ್ಲು ಹೋದ ಹಿರಿಯರು ಗಂಜಿ, ಅನ್ನ, ತಿಳಿಸಾರಿಗೆ ಇಳಿದಿರುತ್ತಾರೆ, ತಟ್ಟೆಯಲ್ಲಿ ಬೇಳೆಯ ನೀರಿರುತ್ತದೆಯೇ ಹೊರತು ಬೇಳೆ ಇರುವುದಿಲ್ಲ. ದುರ್ಬಲ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 50 ಕಿಲೋ ತೂಗುವವರಿಗೆ ಕನಿಷ್ಠ 60 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಸಸ್ಯಾಹಾರದಲ್ಲಿ ಇದು ಸಾಧ್ಯವೇ? ಸಾಧ್ಯ, ಲೆಕ್ಕ ಹಾಕಿ ಕೊಟ್ಟರೆ. 60 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಲ್ಲಿ 13 ಗ್ರಾಂ, ಎರಡು ಲೋಟ ಹಾಲಿನಲ್ಲಿ ಸುಮಾರು 13, 50 ಗ್ರಾಂ ಪನೀರ್‌ನಲ್ಲಿ 9, ನಾಲ್ಕು ಚಪಾತಿಯಲ್ಲಿ 12, ಒಂದು ಬಟ್ಟಲು ಮೊಸರಿನಲ್ಲಿ 5, ಜೊತೆಗೆ ಅನ್ನದಿಂದ ಐದಾರು ಗ್ರಾಂ. ಒಟ್ಟು 60ರ ಹತ್ತಿರ ಬರುತ್ತದೆ. ಚಪಾತಿ ಅಗಿಯಲಾಗದವರಿಗೆ ಹೆಸರುಬೇಳೆಯ ದೋಸೆ, ಕಡಲೆಹಿಟ್ಟಿನ ಜುಣಕ, ಪನೀರ್ ಪುಡಿ ಮಾಡಿ ಹಾಕಿದ ಉಪ್ಪಿಟ್ಟು ಹಿಡಿಸುತ್ತವೆ. ದ್ವಿದಳದ ನಿಯಮ ಇರುವ ಮನೆಯಲ್ಲಿ ಬೇಳೆ ಒಂದು ಹೊತ್ತಿಗೆ, ಹಾಲು ಮೊಸರು ಇನ್ನೊಂದು ಹೊತ್ತಿಗೆ ಎಂದು ಹಂಚಿಕೊಂಡರಾಯಿತು. ಹಗಲಿನ ಹತ್ತು ಹನ್ನೊಂದು ಗಂಟೆಗಳಲ್ಲೇ ಎಲ್ಲ ಮುಗಿಯಬೇಕಾದ್ದರಿಂದ ಬೆಳಗಿನ ಉಪಾಹಾರವನ್ನು ಟೀ, ಖಾಖ್ರಾಕ್ಕೆ ಮುಗಿಸುವುದು ಸರಿಯಲ್ಲ.

ದಶಲಕ್ಷಣ ಅಥವಾ ಪರ್ಯೂಷಣದಲ್ಲಿ ದೀರ್ಘ ಉಪವಾಸ ಮಾಡಿದ ಹಿರಿಯರಿಗೆ ಪಾರಣೆಯ ಮರುವಾರವೇ ಆಪರೇಷನ್ ಇಟ್ಟುಕೊಳ್ಳುವುದು ಬೇಡ. ಆ ದಿನಗಳಲ್ಲಿ ಕರಗಿದ ಸ್ನಾಯು ಮರಳಲು ವಾರಗಳೇ ಬೇಕು. ಆಜೀವ ನಿಯಮಗಳಿದ್ದರೆ ಅವರೇ ತಮ್ಮ ಗುರುಗಳ ಬಳಿ ಮೊದಲೇ ಮಾತನಾಡಿ, ಏನು ಸಾಧ್ಯ ಏನು ಅಸಾಧ್ಯ ಎಂದು ವೈದ್ಯರಿಗೆ ತಿಳಿಸಲಿ. ಆಸ್ಪತ್ರೆಯಲ್ಲಿ ಗುಟ್ಟಾಗಿ ಊಟ ಬಿಡುವುದು ಎಲ್ಲಕ್ಕಿಂತ ಅಪಾಯಕಾರಿ.

ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರ, ಹಾಲು 6 ಗಂಟೆ, ತಿಳಿನೀರು 2 ಗಂಟೆ ನಿಲ್ಲಿಸಿದರೆ ಸಾಕು ಎಂಬುದು ಈಗಿನ ಕ್ರಮ. ಚೌವಿಹಾರ ಪಾಲಿಸುವವರು ಸಂಜೆ ಆರಕ್ಕೆ ನೀರು ಬಿಟ್ಟು, ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್ ಆದರೆ 18 ಗಂಟೆ ನೀರಿಲ್ಲದಂತಾಗುತ್ತದೆ. ರಕ್ತದೊತ್ತಡ ಕುಸಿಯಲು, ಮೂತ್ರಪಿಂಡ ಬಳಲಲು ಇಷ್ಟು ಸಾಕು. ಆದ್ದರಿಂದ ದಿನ ಗೊತ್ತುಮಾಡುವಾಗಲೇ ಅರಿವಳಿಕೆ ತಜ್ಞರಿಗೆ ವಿಷಯ ತಿಳಿಸಿ, ಪಟ್ಟಿಯಲ್ಲಿ ಮೊದಲ ಸರದಿ ಕೇಳುವುದು ಒಳ್ಳೆಯದು. ಸೂರ್ಯೋದಯದ ನಂತರ ಕುದಿಸಿ ಆರಿಸಿದ ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು, ರಾತ್ರಿ ಸಲೈನ್ ಬೇಕೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು.

ರಕ್ತ, ಸಕ್ಕರೆ, ಔಷಧಿ

ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ಕಾರಣ ಹುಡುಕಿ ಸರಿಪಡಿಸಿದ ನಂತರವೇ ಮುಂದುವರಿಯುವುದು ಲೇಸು. ಸಸ್ಯಾಹಾರಿಗಳಲ್ಲಿ, ಅದರಲ್ಲೂ ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಬಿ12 ಕೊರತೆ ಸಾಮಾನ್ಯ. ಅದನ್ನೂ ವಿಟಮಿನ್ ಡಿಯನ್ನೂ ಪರೀಕ್ಷಿಸಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 8ಕ್ಕಿಂತ ಹೆಚ್ಚಿದ್ದರೆ ಹಲವು ಶಸ್ತ್ರಚಿಕಿತ್ಸಕರು ಮುಂದೂಡುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಆಪರೇಷನ್‌ಗೆ ಮೂರ್ನಾಲ್ಕು ದಿನ ಮುಂಚೆಯೇ ವೈದ್ಯರ ಸೂಚನೆಯಂತೆ ನಿಲ್ಲಿಸಬೇಕಾಗುತ್ತದೆ. ಉಪವಾಸದ ಜೊತೆ ಇವು ಇನ್ನೂ ಅಪಾಯಕರ. ರಕ್ತ ತೆಳುಮಾಡುವ ಮಾತ್ರೆ, ನಾಟಿ ಔಷಧಿ, ಕಷಾಯ ಯಾವುದನ್ನೂ ಮುಚ್ಚಿಡಬಾರದು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಮೂರು ತಿಂಗಳು ಕಾಯುವುದು ವಾಡಿಕೆ. ಹುಳುಕು ಹಲ್ಲು, ಮೂತ್ರದ ಸೋಂಕು, ಬಿರುಕು ಬಿಟ್ಟ ಹಿಮ್ಮಡಿ ಕೂಡ ಹೊಸ ಕೀಲಿಗೆ ಸೋಂಕು ತಲುಪಿಸುವ ದಾರಿಗಳೇ.

ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಎನಾಕ್ಸಾಪರಿನ್ ಇಂಜೆಕ್ಷನ್‌ಗಳು ಹಂದಿಯ ಕರುಳಿನಿಂದ ತಯಾರಾದವು. ಕ್ಯಾಪ್ಸೂಲ್‌ಗಳ ಹೊದಿಕೆ ಹೆಚ್ಚಾಗಿ ಜೆಲಾಟಿನ್. ಇವು ಬೇಡವೆನ್ನುವವರು ಮೊದಲೇ ಹೇಳಿದರೆ ರಿವಾರಾಕ್ಸಬಾನ್, ಅಪಿಕ್ಸಬಾನ್ ಅಥವಾ ಆಸ್ಪಿರಿನ್ ಮಾತ್ರೆ ಸಾಧ್ಯವೇ ಎಂದು ವೈದ್ಯರು ನೋಡುತ್ತಾರೆ. ಏನೂ ಹೇಳದೆ ವಾರ್ಡಿನಲ್ಲಿ ಇಂಜೆಕ್ಷನ್ ನಿರಾಕರಿಸಿದರೆ ಪ್ರಾಣಕ್ಕೇ ಕುತ್ತು.

ಕಾಲಿಗೆ ಬಲ, ಮನೆಗೆ ತಯಾರಿ

ನೋವಿದೆ ಎಂದು ಆಪರೇಷನ್‌ವರೆಗೆ ಮಲಗಿಸಿಡುವುದು ನಮ್ಮ ಮನೆಗಳ ಪ್ರೀತಿಯ ತಪ್ಪು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ತೊಡೆಯ ಸ್ನಾಯು ಬಿಗಿಹಿಡಿದು ಬಿಡುವುದು, ಮಲಗಿ ಕಾಲು ನೇರವಾಗಿ ಎತ್ತುವುದು, ಎತ್ತರದ ಕುರ್ಚಿಯಿಂದ ಐದೈದು ಸಲ ಎದ್ದು ಕೂರುವುದು ದಿನವೂ ನಡೆಯಲಿ. ಕುರ್ಚಿಯ ತೋಳು ಒತ್ತಿ ಮೇಲೇಳುವ ಅಭ್ಯಾಸದಿಂದ ವಾಕರ್ ಹಿಡಿಯುವ ಕೈಗೂ ಬಲ ಬರುತ್ತದೆ. ವಾಕರ್ ಬಳಸುವುದನ್ನು ಮುಂಚೆಯೇ ಕಲಿತರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ವೆಸ್ಟರ್ನ್ ಕಮೋಡ್, ಬಚ್ಚಲಲ್ಲಿ ಹಿಡಿಕೆ, ಎತ್ತರದ ಮಂಚ ಬೇಕು. ಜಾರುವ ಚಾಪೆ ತೆಗೆಯಬೇಕು. ಆಪರೇಷನ್ ನಂತರ ನೆಲದ ಮೇಲೆ ಕುಳಿತು ಸಾಮಾಯಿಕ ಮಾಡುವುದು ಹೆಚ್ಚಿನವರಿಗೆ ಆಗದು. ಕುರ್ಚಿಯ ಮೇಲೆ ಕೂರಲು ಈಗಲೇ ರೂಢಿ ಮಾಡಿಕೊಂಡರೆ ಆಮೇಲೆ ಬೇಸರವಾಗದು. ಇಲ್ಲೇ ಹಿರಿಯರನ್ನು ಒಂದು ಮಾತು ಕೇಳಬೇಕು: ಆಪರೇಷನ್‌ನಿಂದ ಅವರಿಗೆ ಬೇಕಾಗಿರುವುದೇನು? ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ಆಸೆ ಒಬ್ಬರದು, ಯಾರ ಸಹಾಯವಿಲ್ಲದೆ ಬಚ್ಚಲಿಗೆ ಹೋದರೆ ಸಾಕೆನ್ನುವವರು ಇನ್ನೊಬ್ಬರು. ಎರಡನೆಯದು ಕೆಲವೊಮ್ಮೆ ವ್ಯಾಯಾಮ, ನೋವಿನ ಔಷಧಿ, ವಾಕರ್‌ನಿಂದಲೇ ಸಾಧ್ಯವಾಗುತ್ತದೆ. ಆಪರೇಷನ್ ಬೇಡ ಎಂದರೆ ಅದೂ ಅವರ ಹಕ್ಕು.

ಒಪ್ಪಿದವರ ಜೊತೆ ಆಸ್ಪತ್ರೆಗೆ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ ಹೋಗಲೇಬೇಕು. ಆಪರೇಷನ್ ನಂತರದ ಒಂದೆರಡು ರಾತ್ರಿ ದಿಕ್ಕು ತಪ್ಪಿದಂತೆ ಮಾತನಾಡುವುದು, ಮನೆಯವರ ಗುರುತು ಸಿಗದಿರುವುದು ದುರ್ಬಲ ಹಿರಿಯರಲ್ಲಿ ಆಗಾಗ ಕಾಣುತ್ತದೆ. ಕೂಡಲೇ ನರ್ಸ್‌ಗೆ ತಿಳಿಸಬೇಕು. ಆ ರಾತ್ರಿಗಳಲ್ಲಿ ಪಕ್ಕದಲ್ಲಿ ಪರಿಚಿತ ಮುಖ ಇರಲಿ, ದಿನಕ್ಕೊಬ್ಬರು ಬದಲಾಗುವುದು ಬೇಡ.