ಥೈರಾಯ್ಡ್ ಸಮಸ್ಯೆಗಳ ಪತ್ತೆ

ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿರುವ, ಚಿಟ್ಟೆಯಾಕಾರದ ನಿರ್ನಾಳ ಗ್ರಂಥಿ. ಇದು ಸ್ರವಿಸುವ ಟಿ3 ಮತ್ತು ಟಿ4 ಹಾರ್ಮೋನುಗಳು ಚಯಾಪಚಯ ಕ್ರಿಯೆಯನ್ನು ನಿಯಂತ್ರಿಸುತ್ತವೆ.

ಗ್ರಂಥಿಯ ಊತಕ್ಕೆ ಗಳಗಂಡ ಎಂದು ಹೆಸರು. ಅಯೋಡಿನ್ ಕೊರತೆ ಇದರ ಒಂದು ಮುಖ್ಯ ಕಾರಣ. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಅಯೋಡಿನ್‌ಯುಕ್ತ ಉಪ್ಪಿನ ಬಳಕೆಯನ್ನು ಹರಡಿತು. ಆದರೆ ಊತವಿಲ್ಲದವರಲ್ಲೂ, ಬಾಗಲಕೋಟೆಯಂತಹ ಬಯಲುಸೀಮೆಯಲ್ಲೂ ಥೈರಾಯ್ಡ್ ದೋಷ ಇರಬಲ್ಲದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವುದು ಇನ್ನೊಂದು ಸಾಮಾನ್ಯ ಕಾರಣ.

ಲಕ್ಷಣಗಳು

ಹಾರ್ಮೋನು ಕಡಿಮೆಯಾದರೆ ಆಯಾಸ, ಚಳಿ ತಾಳಲಾಗದಿರುವುದು, ಮಲಬದ್ಧತೆ, ಒಣಚರ್ಮ, ತೂಕದ ಏರಿಕೆ, ಮುಟ್ಟಿನ ಏರುಪೇರು ಕಾಣುತ್ತವೆ. ಹೆಚ್ಚಾದರೆ ತೂಕ ಇಳಿಯುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಕೈ ನಡುಗುತ್ತದೆ. ಆಯಾಸ ರಕ್ತಹೀನತೆಯಿಂದಲೂ ಬರುವುದರಿಂದ ಲಕ್ಷಣಗಳನ್ನಷ್ಟೇ ನೋಡಿ ರೋಗವನ್ನು ನಿರ್ಧರಿಸಲಾಗದು.

ಪರೀಕ್ಷೆ

ಮೊದಲು ಮಾಡುವುದು ಟಿಎಸ್‌ಎಚ್ ರಕ್ತಪರೀಕ್ಷೆ. ಈ ಹಾರ್ಮೋನನ್ನು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಸ್ರವಿಸುತ್ತದೆ. ಥೈರಾಯ್ಡ್ ಸೋತಾಗ ಇದರ ಪ್ರಮಾಣ ಏರುತ್ತದೆ. ಆದ್ದರಿಂದ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಚುರುಕಾಗಿದೆ ಎಂದು ತಿಳಿಯುವುದು ತಪ್ಪು. ಟಿಎಸ್‌ಎಚ್ ಹೆಚ್ಚಿದ್ದು ಟಿ4 ಕಡಿಮೆಯಿದ್ದರೆ ಹೈಪೋಥೈರಾಯ್ಡಿಸಮ್ ಖಚಿತವಾಗುತ್ತದೆ. ಟಿ4 ಸರಿಯಿದ್ದು ಟಿಎಸ್‌ಎಚ್ ತುಸುವೇ ಏರಿದ್ದರೆ ಸಾಮಾನ್ಯವಾಗಿ ಕೆಲವು ವಾರಗಳ ಬಳಿಕ ಮರುಪರೀಕ್ಷೆ ಮಾಡಲಾಗುತ್ತದೆ. ಕೂದಲಿಗೆಂದು ಸೇವಿಸುವ ಬಯೋಟಿನ್ ಮಾತ್ರೆ ಫಲಿತಾಂಶವನ್ನು ತಪ್ಪಿಸಬಲ್ಲದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಕ್ಯಾನ್ ಗಂಟುಗಳನ್ನು ತೋರಿಸುತ್ತದೆ, ಹಾರ್ಮೋನಿನ ಪ್ರಮಾಣವನ್ನಲ್ಲ.

ಗರ್ಭಿಣಿಯರಿಗೆ ಟಿಎಸ್‌ಎಚ್ ಮಿತಿಗಳು ಬೇರೆ. ನವಜಾತ ಶಿಶುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಜನ್ಮಜಾತ ಕೊರತೆಯನ್ನು ಪತ್ತೆಮಾಡಬಹುದು. ಮೊದಲ ಎರಡು ವಾರಗಳಲ್ಲೇ ಚಿಕಿತ್ಸೆ ಆರಂಭವಾದರೆ ಮಗುವಿನ ಬುದ್ಧಿ ಬಹುತೇಕ ಸಹಜವಾಗಿ ಬೆಳೆಯುತ್ತದೆ. ತಡವಾದರೆ ಮಿದುಳಿಗಾದ ಹಾನಿ ಮರಳಿ ಸರಿಹೋಗದು.